ಕೆಂಪು ಚೌಕಳಿ ಕೋಟು

ನನ್ನ ಬಳಿ ಬಂದೂಕು ಇರಲಿಲ್ಲ.

ಬರೆದುಕೊಳ್ಳಿ ಮೇಡಂ. ಮಾತು ಸ್ವಲ್ಪ ತೊದಲುತ್ತದೆ... ಹಲ್ಲು ಹೋಗಿರುವುದರಿಂದ. ಅಮಲಿನಿಂದಲ್ಲ. ಅಮಲು ಬೆಳಿಗ್ಗೆಯೇ ಇಳಿಯಿತು.

ಬಂದೂಕು ಇದ್ದದ್ದು ಡೀಕ್‌ನ ತೊಡೆಯ ಮೇಲೆ. ಹೆಪ್ಪುಗಟ್ಟಿದ ಸರೋವರದ ನಡುವೆ, ನನ್ನ ಬೆನ್ನ ಹಿಂದೆ ಅರವತ್ತು ಅಡಿ ದೂರದಲ್ಲಿ, ಅವನು ಹಿಮದ ಮೇಲೆ ಓಡುವ ತನ್ನ ಸ್ನೋಮೊಬೈಲ್ ಗಾಡಿಯ ಮೇಲೆ ಕಾಲು ಚಾಚಿ ಕೂತಿದ್ದ. ನನ್ನೆದುರಿಗೆ ವೆಂಡಲ್ ಮೀನು ಹಿಡಿಯುವ ಹಲಗೆಯ ಗುಡಿಸಲು. ನನ್ನ ಜಾಕೆಟ್ಟಿನೊಳಗೆ ಒಂದು ಬಾಟ್ಲಿ ವಿಸ್ಕಿ.

"ಮೂರೂವರೆ ಒಳಗೆ ಅದು ಅವನ ಹೊಟ್ಟೇಲಿರ್ಬೇಕು ಆರ್ವಿಡ್," ಎಂದ ಡೀಕ್. "ಇಲ್ಲಾಂದ್ರೆ ಅವನು ನೀರೊಳಗಿರ್ತಾನೆ. ಮಂಜುಗಡ್ಡೇಲಿ ತೂತು ದೊಡ್ಡದಾಗೇ ಕೊರೆದಿದಾನೆ, ಪಾಪ!"

ನಿಜ. ವೆಂಡಲ್ ಈಟಿಯಿಂದ ಮೀನು ಹಿಡಿಯುವವನು. ಈಟಿಯವರ ತೂತಿನಲ್ಲಿ ಒಬ್ಬ ಮನುಷ್ಯ ಸಲೀಸಾಗಿ ಇಳಿಯುತ್ತಾನೆ.

ಡೀಕ್‌ನನ್ನು ಕಳಿಸಿದ ಹಾಲ್ವರ್ಸನ್ ಯಾರೆಂದು ನಿಮಗೆ ಗೊತ್ತು. ಒಂಬತ್ತು ವರ್ಷದ ಹಿಂದೆ ಅವನ ದೋಣಿ ಗೋದಾಮು ಸುಟ್ಟುಹೋಯಿತು. ವಿಮೆಯ ಹಣಕ್ಕಾಗಿ ಅವನೇ ಸುಡಿಸಿದ್ದು. ಒಳಗೆ ಮಲಗಿದ್ದ ಕಾವಲುಗಾರ ತೋಯ್ವೋ ನಿಯೆಮಿ ಬೂದಿಯಾದ. ಅಲ್ಲಿಗೆ ಕಾರು ಓಡಿಸಿಕೊಂಡು ಬಂದವನು ವೆಂಡಲ್. ಎಣ್ಣೆ ಸುರಿದವನು...

ಅಲ್ಲಿಗೆ ಬರುತ್ತೇನೆ.

ವೆಂಡಲ್ ಕುಡಿತ ಬಿಟ್ಟು ಒಂದು ವರ್ಷ. ನಾನು ಬಿಟ್ಟು ಎಂಟು. ಕುಡಿತ ಬಿಟ್ಟವರ ಸಭೆಗೆ ಅವನನ್ನು ಕಾಲರ್ ಹಿಡಿದು ಎಳೆದೊಯ್ದವನು ನಾನೇ. ಆ ಸಭೆಯವರು ಹೇಳುವ ಹನ್ನೆರಡು ಮೆಟ್ಟಿಲು ಹತ್ತಿಸಲು ಕೈ ಕೊಟ್ಟ ಹಳಬನೂ ನಾನೇ. ಎಂಟನೆಯ ಮೆಟ್ಟಿಲಲ್ಲಿ ನೀವು ಯಾರಿಗೆಲ್ಲ ಕೇಡು ಮಾಡಿದ್ದೀರೋ ಅವರ ಪಟ್ಟಿ ಬರೆಯಬೇಕು. ಒಂಬತ್ತನೆಯದರಲ್ಲಿ ಅವರ ಬಾಗಿಲಿಗೆ ಹೋಗಿ, ಮುಖ ನೋಡಿ ಒಪ್ಪಿಕೊಳ್ಳಬೇಕು.

ವೆಂಡಲ್ ನಾಲ್ಕು ಗಂಟೆಗೆ ತೋಯ್ವೋನ ತಾಯಿಯ ಬಾಗಿಲಿಗೆ ಹೋಗುವವನಿದ್ದ. ಅಲ್ಲಿಂದ ನೇರ ನಿಮ್ಮ ಠಾಣೆಗೆ.

ಅದನ್ನು ಅವನು ಹೇಳಿದ್ದು ನನಗೊಬ್ಬನಿಗೆ. ಹಾಲ್ವರ್ಸನ್‌ಗೆ ಫೋನ್ ಮಾಡಿದವನು ನಾನು!

ಬರೆದುಕೊಂಡಿರಾ?

"ಕೊಲ್ಲಬೇಡ," ಎಂದಿದ್ದೆ. "ಬಾಟ್ಲಿ ಸಾಕು. ಕುಡಿದವನ ಮಾತನ್ನು ಯಾರು ನಂಬುತ್ತಾರೆ?" ಅವನ ಜೀವ ಉಳಿಸುತ್ತಿದ್ದೇನೆ ಎಂದು ನನಗೂ ಹೇಳಿಕೊಂಡಿದ್ದೆ. ಸುಳ್ಳು. ವೆರ್ನಾ ಎಂಟು ತಿಂಗಳಿಂದ ಅವನ ಮನೆಯಲ್ಲಿದ್ದಾಳೆ.

ವೆರ್ನಾ ನನ್ನ ಹೆಂಡತಿ. ಆಗಿದ್ದಳು.

"ಕುಡಿಯೋದ್ ಬಿಟ್ಟೆ ಆರ್ವಿಡ್, ಮುಖ ಗಂಟಿಕ್ಕೋದ್ ಬಿಡ್ಲಿಲ್ಲ," ಎಂದು ಹೇಳಿ ಹೊರಟವಳು. ನಾಯಿಯನ್ನೂ ಕರೆದುಕೊಂಡು ಹೋದಳು.

ನನ್ನ ಸ್ನೋಮೊಬೈಲನ್ನು ಗುಡಿಸಲ ಪಕ್ಕದಲ್ಲೇ ಬಿಟ್ಟು, ಹೆಲ್ಮೆಟ್ ತೆಗೆಯುತ್ತಾ ಬಾಗಿಲು ತಳ್ಳಿದೆ.

ಒಳಗೆ ಕಿಟಕಿ ಇಲ್ಲ. ನೀರೊಳಗಿನ ಮೀನು ಕಾಣಬೇಕಾದರೆ ಗುಡಿಸಲು ಕತ್ತಲಾಗಿರಬೇಕು. ತೂತಿನಿಂದ ಏಳುವ ಹಸಿರು ಬೆಳಕಷ್ಟೇ. ಆ ಬೆಳಕಿನಲ್ಲಿ ವೆಂಡಲ್, ಕೈಯಲ್ಲಿ ಈಟಿ. ಕಾಲ ಬಳಿ ನನ್ನ ನಾಯಿ ಪಿಕಲ್. ಅದು ತಲೆ ಎತ್ತಿ ನನ್ನನ್ನು ನೋಡಿತು. ಬಾಲ ಆಡಿಸಲಿಲ್ಲ.

ಅವನ ಮೈಮೇಲೆ ಕೆಂಪು ಚೌಕಳಿ ಉಣ್ಣೆಯ ಕೋಟು. ನನ್ನದು! ಮೊಣಕೈಯ ತೇಪೆ ವೆರ್ನಾ ನನಗಾಗಿ ಹಾಕಿದ್ದು.

"ಬಾ ಗುರು," ಎಂದ. "ಕಾಫಿ ಕುಡೀತೀಯಾ? ವೆರ್ನಾ ಮಾಡಿಕೊಟ್ಟಿದ್ದು."

ಥರ್ಮಾಸೂ ನನ್ನದೇ.

"ಅದಕ್ಕಿಂತ ಒಳ್ಳೇದು ತಂದಿದೀನಿ," ಎಂದು ಬಾಟ್ಲಿಯನ್ನು ಮಂಜುಗಡ್ಡೆಯ ಮೇಲಿಟ್ಟೆ. ಅವನಿಗಿಷ್ಟವಾಗಿದ್ದ ರೈ ವಿಸ್ಕಿಯನ್ನೇ ಆರಿಸಿ ತಂದಿದ್ದೆ.

ಅವನು ಬಾಟ್ಲಿ ನೋಡಿದ. ಮುಚ್ಚಳ ನೋಡಿದ. ಆಮೇಲೆ ನನ್ನನ್ನು.

"ಯಾರಿಗೆ?"

"ನಿನಗೆ. ಹೊರಗೆ ಡೀಕ್ ಕೂತಿದಾನೆ. ಕುಡಿದ್ರೆ ಬದುಕ್ತೀಯ."

"ಹಾಲ್ವರ್ಸನ್‌ಗೆ ಯಾರು ಹೇಳಿದ್ದು?"

ನಾನು ಬಾಟ್ಲಿಯನ್ನು ಅವನ ಕಡೆ ತಳ್ಳಿದೆ.

"ಓ," ಎಂದ ವೆಂಡಲ್. ಅಷ್ಟೇ.

ಬೈದಿದ್ದರೆ ಚೆನ್ನಾಗಿತ್ತು. ಈಟಿ ಎಸೆದಿದ್ದರೂ ಚೆನ್ನಾಗಿತ್ತು! ಅವನು ಜೇಬಿನಿಂದ ಮಡಿಸಿದ ಹಾಳೆ ತೆಗೆದ. ನಾನೇ ಬರೆಸಿದ್ದ ಪಟ್ಟಿ. ಮೊದಲ ಹೆಸರು ತೋರಿಸಿದ.

ಆರ್ವಿಡ್ ಲಿಂಡ್.

"ನಿನ್ನ ಹತ್ರ ಮೊದಲು ಬರ್ಬೇಕಿತ್ತು ಕಣೋ. ಧೈರ್ಯ ಬರ್ಲಿಲ್ಲ. ವೆರ್ನಾ ಬಂದ ದಿನಾನೇ ನಾನು ನಿನ್ ಮನೆಗೆ ಬಂದು ಹೇಳ್ಬೇಕಿತ್ತು. ಕಳ್ಳನ ಹಾಗೆ ನಡಕೊಂಡೆ. ತಪ್ಪಾಯ್ತು."

"ಅವಳನ್ನ ವಾಪಸ್ ಕೊಡ್ತೀಯಾ?"

"ಅವಳೇನು ನಿನ್ ಕೋಟಾ?"

ನಾಯಿ ಆಕಳಿಸಿತು.

"ಠಾಣೆಗೆ ಹೋಗಿ ನನ್ ಹೆಸರೂ ಹೇಳ್ತೀಯಲ್ಲ," ಎಂದೆ. "ಎಣ್ಣೆ ಸುರಿದವನು ನಾನು ಅಂತ."

"ಕಾರು ಓಡಿಸಿದ್ದು ನಾನು, ಓಡಿಸು ಅಂದಿದ್ದು ಹಾಲ್ವರ್ಸನ್. ಅಷ್ಟೇ ಹೇಳೋದು. ಎಣ್ಣೆ ನಿನ್ ಪಟ್ಟಿಗೆ ಸೇರಿದ್ದು." ನಕ್ಕ. "ಬರೆದಿದೀಯಾ ಗುರು, ನಿನ್ ಪಟ್ಟೀನ?"

ಎಂಟು ವರ್ಷದಲ್ಲಿ ಹದಿನಾಲ್ಕು ಜನಕ್ಕೆ ಪಟ್ಟಿ ಬರೆಸಿದ್ದೆ. ನನ್ನದನ್ನು ಬರೆದಿರಲಿಲ್ಲ.

ಆಗ ಹೊಟ್ಟೆಕಿಚ್ಚಾಯಿತು ಮೇಡಂ. ವೆರ್ನಾಗಾಗಿ ಅಲ್ಲ. ಇವನು ರಾತ್ರಿ ನಿದ್ದೆ ಮಾಡುತ್ತಾನೆ! ಮುಖದಲ್ಲೇ ಗೊತ್ತಾಗುತ್ತಿತ್ತು. ನಾನು ಎಂಟು ವರ್ಷದಲ್ಲಿ ಮುಟ್ಟದ ಜಾಗವನ್ನು ಇವನು ಒಂದೇ ವರ್ಷದಲ್ಲಿ ಮುಟ್ಟಿದ್ದ.

ಹೊರಗೆ ಡೀಕ್ ಕೂಗಿದ. "ಏನ್ ಮುದುಕ, ಬಾಟ್ಲಿ ಇಬ್ರೂ ಹಂಚ್ಕೊಳ್ತಿದೀರಾ? ಹತ್ತು ನಿಮಿಷ!"

"ಕೋಟು ಬಿಚ್ಚು," ಎಂದೆ.

"ಏನು?"

"ನನ್ ಕೋಟು ಬಿಚ್ಚು! ಟೋಪೀನೂ ಕೊಡು. ನನ್ನ ಜಾಕೆಟ್ ಹಾಕ್ಕೋ, ಹೆಲ್ಮೆಟ್ ಇಟ್ಕೋ. ಗಾಡಿ ಸ್ಟಾರ್ಟ್ ಮಾಡು, ಡೀಕ್‌ಗೆ ಕೈ ಬೀಸು, ದಡ ಮುಟ್ಟೋವರೆಗೂ ತಿರುಗಿ ನೋಡ್ಬೇಡ."

"ಅವನು ಒಳಗೆ ಬಂದು ನೋಡಲ್ವಾ?"

"ಕುಡಿದು ಬಿದ್ದವನು ಒಬ್ಬ ಇರ್ತಾನಲ್ಲ."

ವೆಂಡಲ್‌ಗೆ ಅರ್ಥವಾಯಿತು. ನನ್ನ ತೋಳು ಹಿಡಿದ. "ಬೇಡ ಗುರು. ಕೋಟಿನ ಮೇಲೆ ಸುರ್ಕೋ. ವಾಸನೆ ಬಂದ್ರೆ ಸಾಕು!"

ಸಾಕಾಗುತ್ತಿತ್ತು. ಅದನ್ನೂ ಬರೆದುಕೊಳ್ಳಿ. ಸಾಕಾಗುತ್ತಿತ್ತು ಎಂದು ನನಗೂ ಗೊತ್ತಿತ್ತು.

ಮುಚ್ಚಳ ತಿರುವಿದೆ. ಕುಡಿದೆ.

ಮೊದಲ ಗುಟುಕು ಹಳೆಯ ಗೆಳೆಯನಂತೆ ಬೆನ್ನು ತಟ್ಟಿತು. ವೆಂಡಲ್ ಬಾಗಿಲಲ್ಲಿ ನಿಂತು ಅಳುತ್ತಿದ್ದ. "ಹೋಗೋ ಕತ್ತೆ!" ಎಂದೆ.

ಗಾಡಿ ಗುಡುಗಿತು. ನಾಯಿ ಎದ್ದು ನಿಂತಿತು. ಹೊರಗೆ ಹೋದವನ ಮೈಮೇಲೆ ನನ್ನ ಜಾಕೆಟ್. ಒಳಗೆ ಕೂತವನ ಮೈಮೇಲೆ ಅವನು ತೊಟ್ಟಿದ್ದ ಕೋಟು. ನಾಯಿ ಒಮ್ಮೆ ಮೂಸಿತು... ನನ್ನನ್ನು ದಾಟಿ ಹೊರಗೆ ಜಿಗಿಯಿತು. ಗಾಡಿಯ ಹಿಂದೆ ಓಡಿತು!

ಮುಗಿಯಿತು, ಅಂದುಕೊಂಡೆ. ಅದು ವೆಂಡಲ್‌ನ ನಾಯಿ ಎಂದು ಡೀಕ್‌ಗೆ ಗೊತ್ತು.

ಡೀಕ್ ಗಹಗಹಿಸಿ ನಕ್ಕ. "ನೋಡ್ರಪ್ಪ! ನಾಯಿಗೆ ಹಳೇ ಯಜಮಾನನ ನೆನಪಾಗ್ಬಿಡ್ತು!"

ಆ ನಗು ಗುಂಡೇಟಿಗಿಂತ ಹೆಚ್ಚು ನೋಯಿಸಿತು.

ಡೀಕ್ ಬಾಗಿಲಿಗೆ ಬಂದ. ನಾನು ಟೋಪಿಯನ್ನು ಮೂಗಿನವರೆಗೆ ಎಳೆದು, ತಲೆ ಎದೆಗೆ ಇಳಿಬಿಟ್ಟು, ಗೊಣಗುತ್ತಾ ಜೊಲ್ಲು ಸುರಿಸಿದೆ. ನಟನೆ ಬೇಕಿರಲಿಲ್ಲ. ಅರ್ಧ ಬಾಟ್ಲಿ ಇಳಿದಿತ್ತು.

"ಥೂ! ಒಂದು ವರ್ಷ ಸನ್ಯಾಸಿ ಆಗಿದ್ದ ಮಗ," ಎಂದು ಉಗಿದು ಹೊರಗೆ ಕೂತ. ನಾಲ್ಕರವರೆಗೆ ಕಾಯುವುದು ಅವನಿಗೆ ಬಿದ್ದಿದ್ದ ಆಜ್ಞೆ. ನಾನು ಬಾಟ್ಲಿಯ ಉಳಿದರ್ಧ ಮುಗಿಸುತ್ತಾ ಕಾದೆ.

ನಾಲ್ಕೂ ಹತ್ತಕ್ಕೆ ಅವನ ಫೋನ್ ಬಡಿದುಕೊಂಡಿತು. ಹಾಲ್ವರ್ಸನ್. ವೆಂಡಲ್ ತೋಯ್ವೋನ ತಾಯಿಯ ಬಾಗಿಲಲ್ಲಿ ನಿಂತಿದ್ದಾನೆಂಬ ಕಿರುಚಾಟ ನನ್ನವರೆಗೂ ಕೇಳಿಸಿತು.

ಡೀಕ್ ಒಳಗೆ ನುಗ್ಗಿ ನನ್ನ ಟೋಪಿ ಕಿತ್ತ.

"ನೀನಾ!"

"ನಾನೇ," ಎಂದೆ. "ಬೇಸ್ತು ಬಿದ್ದೆಯಲ್ಲೋ ಡೀಕ್..."

ಬಂದೂಕಿನ ಹಿಡಿ ಬಾಯಿಗೆ ಬಿತ್ತು. ಅವನು ಗುಡಿಸಲನ್ನು ಬೆಚ್ಚಗಿಟ್ಟಿದ್ದ ಪುಟ್ಟ ಒಲೆಯನ್ನು ತೂತಿಗೆ ಒದ್ದ, ಬಾಗಿಲನ್ನು ಕಿತ್ತೆಸೆದು ಹೋದ. ಚಳಿ ನನ್ನ ಕೈಯಿಂದ ತನ್ನ ಪಾಲು ತೆಗೆದುಕೊಂಡಿತು. ಅವನನ್ನು ನಿಮ್ಮವರು ದಡದಲ್ಲೇ ಹಿಡಿದರಂತೆ. ಸಂತೋಷ.

ವೆಂಡಲ್ ನನ್ನ ಹೆಸರು ಹೇಳಿಲ್ಲ, ಅಲ್ಲವೇ? ಹೇಳುವುದಿಲ್ಲ ಆ ಮೊಂಡ. ಹಾಗಾದರೆ ನಾನೇ ಹೇಳುತ್ತೇನೆ. ಗೋದಾಮಿಗೆ ಎಣ್ಣೆ ಸುರಿದವನು ನಾನು. ಬೆಂಕಿ ಕಡ್ಡಿ ಗೀರಿದವನೂ ನಾನು. ತೋಯ್ವೋನ ತಾಯಿಗೂ ಹೇಳಬೇಕು. ಕೈಗೆ ಬೇಡಿ ಹಾಕಿಯೇ ಕರೆದುಕೊಂಡು ಹೋಗಿ, ಪರವಾಗಿಲ್ಲ.

ಕಳೆದುಹೋದದ್ದು ಏನೇನು ಅಂತ ಆ ಫಾರಂನಲ್ಲಿ ಒಂದು ಜಾಗ ಇದೆಯಲ್ಲ? ಕೋಟು ಬರೆಯಬೇಡಿ, ಅದು ವಾಪಸ್ ಸಿಕ್ಕಿದೆ. ಅಗೋ, ಆ ಮೊಳೆಗೆ ನರ್ಸ್ ನೇತುಹಾಕಿದ್ದಾರೆ.

ಉಳಿದದ್ದು ಬರೆದುಕೊಳ್ಳಿ.

ಹಲ್ಲು, ಎರಡು. ಎಡಗೈ ಕಿರುಬೆರಳು, ಒಂದು. ನಾಯಿ, ಒಂದು. ಕುಡಿಯದ ದಿನಗಳು, ಮೂರು ಸಾವಿರದ ಐವತ್ತೆರಡು.