ಬುಗುರಿ ತೊಳೆದ ಬಕೆಟ್

ಪಚಕ್ಕನೆ ಒಂದು ಪ್ಲಾಸ್ಟರ್ ಮುದ್ದೆ ಬಂದು ಅಜ್ಜನ ಕೊಡೆಯ ಮೇಲೆ ಬಿತ್ತು.

"ಮಗಳೇ, ನೀನು ಬಳೀತಿರೋದು ಸೀಲಿಂಗಿಗೋ, ನನಗೋ?" ಎಂದರು ಅಜ್ಜ, ಕೊಡೆಯ ಕೆಳಗೆ ಪೇಪರ್ ಓದುತ್ತಲೇ.

"ಅಲ್ಲಿ ಕೂರಬೇಡ ಅಂದ್ನಲ್ಲಪ್ಪಾ," ಎಂದಳು ಹಲಗೆಯ ಮೇಲೆ ನಿಂತಿದ್ದ ಅಮ್ಮ.

"ಕೆಲಸ ನೋಡ್ಕೊಳ್ಳೋಕೆ ಒಬ್ಬರು ಬೇಡ್ವಾ?"

ಬುಗುರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಿಂತಲ್ಲಿ ನಿಲ್ಲುವವಳಲ್ಲ ಎಂದು ಮನೆಯವರೇ ಇಟ್ಟ ಹೆಸರು ಅದು. ಇವತ್ತಂತೂ ಅವಳ ಕಾಲು ನೆಲಕ್ಕೆ ತಾಗುತ್ತಲೇ ಇರಲಿಲ್ಲ. ಸಾಮಾನು ತುಂಬಿದ್ದ ಈ ಕೋಣೆ ಇನ್ನು ಅವಳ ರೂಮ್! ಇಷ್ಟು ದಿನ ಅವಳು ಮಲಗುತ್ತಿದ್ದದ್ದು ಹಾಲ್‌ನಲ್ಲಿ, ಅಜ್ಜನ ಪಕ್ಕ. ಅಜ್ಜನ ಗೊರಕೆಗೆ ಕಿಟಕಿಯ ಗಾಜೂ ನಡುಗುತ್ತಿತ್ತು.

ಸೀಲಿಂಗಿಗೆ ತೆಳ್ಳಗೆ ಪ್ಲಾಸ್ಟರ್ ಎಳೆದು ನುಣ್ಣಗೆ ಮಾಡುವುದೇ ಅಮ್ಮನ ಕೆಲಸ. ಯಾರ್ಯಾರದೋ ಮನೆಗೆ ಮಾಡಿ ಮಾಡಿ, ಸ್ವಂತ ಮನೆಗೆ ಸಿಕ್ಕಿದ್ದು ಇದೊಂದು ರಜೆ. ಇವತ್ತು ಮುಗಿಯದಿದ್ದರೆ ಮತ್ತೆ ಯಾವಾಗಲೋ. ಮೊದಲ ಪದರ ಆಗಿತ್ತು. ಎರಡನೆಯದು ಬಾಕಿ.

"ಬಕೆಟ್ ತೊಳ್ಕೊಂಡು ಬಂದು ಹೊಸದಾಗಿ ಕಲಸು," ಎಂದಳು ಅಮ್ಮ. "ತಳ, ಅಂಚು ಎಲ್ಲಾ ಉಜ್ಜಬೇಕು."

ಬುಗುರಿ ಬಕೆಟ್ಟನ್ನು ತಲೆಗೆ ಕವುಚಿಕೊಂಡು, ರೋಬೋಟ್ ಆಗಿ ನಲ್ಲಿಯ ಹತ್ತಿರ ನಡೆದಳು. ನೀರು ಹಿಡಿದು ಗಿರ್ರನೆ ತಿರುಗಿಸಿ ಚೆಲ್ಲಿದಳು. ತಳದಲ್ಲಿ ಬಿಳಿ ಹಕ್ಕಳೆ ಹಾಗೇ ಅಂಟಿಕೊಂಡಿತ್ತು. ಇರಲಿ ಬಿಡು, ಮತ್ತೆ ಹಾಕೋದೂ ಅದೇ ಪ್ಲಾಸ್ಟರ್ ತಾನೇ ಎಂದುಕೊಂಡಳು.

"ತೊಳೆದ್ಯಾ?"

"ಫಳಫಳ ಅಂತಿದೆ!"

ನೀರು, ಪುಡಿ ಹಾಕಿ ಕೋಲಿನಿಂದ ಕಲಸಿ ಕೊಟ್ಟಳು. ಅಮ್ಮ ಹಾಡು ಗುನುಗುತ್ತಾ ಕರಣೆಯಿಂದ ಸೊಯ್ಯನೆ ಎಳೆದಳು. ಸ್ವಲ್ಪ ಹೊತ್ತಿಗೇ ಸೊಯ್ಯ್ ಹೋಗಿ ಕರಕರ ಬಂತು. ಹಾಡು ನಿಂತಿತು.

"ಇದೇನು, ಇಷ್ಟು ಬೇಗ ಗಟ್ಟಿ ಆಗೋಯ್ತು?"

ಬಕೆಟ್ ನಡುವೆ ಕೋಲು ನೆಟ್ಟಗೆ ನಿಂತಿತ್ತು. ಅಜ್ಜ ಅದನ್ನು ಎಳೆದರು. ಕೋಲಿನ ಜೊತೆಗೆ ಇಡೀ ಬಕೆಟ್ಟೇ ಮೇಲೆದ್ದು ಬಂತು. ಅಜ್ಜ ಅದನ್ನು ಗದೆಯಂತೆ ಹೆಗಲ ಮೇಲಿಟ್ಟುಕೊಂಡು ನಿಂತಾಗ ಬುಗುರಿ ನೆಲದ ಮೇಲೆ ಉರುಳಾಡಿ ನಕ್ಕಳು.

ಅಮ್ಮ ನಗಲಿಲ್ಲ. ಗಡಸಾಗಿದ್ದನ್ನೆಲ್ಲ ಬರಬರ ಕೆರೆದು ಹಾಕಿ ಕೆಳಗಿಳಿದಳು.

"ಹಳೇ ಪ್ಲಾಸ್ಟರ್ ಮೂಟೆ ಸಾಗಹಾಕಿದ್ದಾರೆ ಅಂಗಡಿಯವರು. ಇಷ್ಟು ವರ್ಷದ ಗಿರಾಕಿ ನಾನು, ನನಗೇ ಹೀಗಾ? ಇವತ್ತು ಬಿಡಲ್ಲ. ಎಲ್ಲರ ಎದುರಿಗೇ ಕೇಳ್ತೀನಿ."

ಬುಗುರಿ ಉರುಳಾಡುವುದನ್ನು ಬಿಟ್ಟು ಎದ್ದು ಕೂತಳು. ಬೆಳಿಗ್ಗೆ ಆ ಅಂಗಡಿ ಅಂಕಲ್ಲೇ ಮೂಟೆಯನ್ನು ಹೆಗಲ ಮೇಲೆ ಹೊತ್ತು ತಂದು, "ಮೇಡಮ್, ನಿಮ್ಮ ರೂಮ್ ಎಲ್ಲಿ ಬರುತ್ತೆ?" ಎಂದು ಅವಳನ್ನು ಕೇಳಿದ್ದರು. ಈಗ ಬಾಯಿ ಬಿಟ್ಟರೆ ಅಮ್ಮನ ಸಿಟ್ಟಿಗೆ ರೂಮಿನ ಕತೆ ಮುಗಿದ ಹಾಗೆ. ಬಿಡದಿದ್ದರೆ?

ಅಮ್ಮ ಒಂದು ಕಾಲಿಗೆ ಚಪ್ಪಲಿ ಮೆಟ್ಟಿಯಾಗಿತ್ತು.

"ಅಮ್ಮಾ... ಅಂಕಲ್ ಏನೂ ಮಾಡಿಲ್ಲ. ನಾನೇ ಬಕೆಟ್ ಸರಿಯಾಗಿ ತೊಳೀಲಿಲ್ಲ. ತಳದಲ್ಲಿ ಹಕ್ಕಳೆ ಇತ್ತು."

ಅಮ್ಮ ಒಂಟಿ ಚಪ್ಪಲಿಯಲ್ಲೇ ನಿಂತು ಅವಳನ್ನು ನೋಡಿದಳು.

"ಹಳೇದು ಒಂಚೂರು ಉಳಿದಿದ್ರೂ ಹೊಸದು ಬೇಗ ಗಟ್ಟಿಯಾಗುತ್ತೆ. ಅದಕ್ಕೇ ಉಜ್ಜು ಅಂದಿದ್ದು. ನಾನು ಹೋಗಿ ಆ ಪುಣ್ಯಾತ್ಮರ ಮೇಲೆ ಕೂಗಾಡಿದ್ದಿದ್ರೆ ಏನಾಗ್ತಿತ್ತು?"

ಬುಗುರಿಗೆ ನಾಚಿಕೆಯಿಂದ ಕಣ್ಣು ತುಂಬಿ ಬಂತು. ಅಮ್ಮ ಚಪ್ಪಲಿ ಬಿಟ್ಟು ಮೂಟೆಯೊಳಗೆ ಇಣುಕಿದಳು.

"ಇನ್ನೊಂದು ಸಲಕ್ಕೆ ಸಾಕು. ಇದೂ ಕೆಟ್ಟರೆ ಇವತ್ತಿಗೆ ಆಗಲ್ಲ. ಹೋಗು, ತೊಳ್ಕೊಂಡು ಬಾ."

ಬುಗುರಿ ಬಕೆಟ್ ಕವುಚಿ ಬಡಿದಳು. ಒಳಗೆ ಗಟ್ಟಿಯಾಗಿದ್ದ ಮುದ್ದೆ ಧೊಪ್ಪನೆ ಕಳಚಿಬಿತ್ತು. ಬ್ರಷ್ ಹಿಡಿದು ತಳ ಉಜ್ಜಿದಳು. ಅಂಚಿನ ಸಂದಿಯನ್ನು ಉಗುರಿನಿಂದ ಕೆರೆದಳು. ಮೂಗಿನ ಮೇಲೆ, ಕಿವಿಯ ಹಿಂದೆ ಎಲ್ಲ ಬಿಳಿ ನೀರು.

ಓಡಿಬಂದು ಖಾಲಿ ಬಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. "ನೋಡಮ್ಮಾ."

ಅಮ್ಮ ಹಲಗೆಯ ಮೇಲೆ ಆ ಕಡೆ ತಿರುಗಿ ಕರಣೆ ಒರೆಸುತ್ತಿದ್ದಳು.

"ತೊಳೆದ್ಯಾ?"

"ಹೂಂ."

"ನೀನು ಹೇಳಿದ್ಮೇಲೆ ಸರಿ. ಕಲಸು."

ಅಮ್ಮ ತಿರುಗಿಯೂ ನೋಡಲಿಲ್ಲ. ಆಗಲೇ ಹಾಡು ಶುರುವಾಗಿತ್ತು.

ಬುಗುರಿ ಬಕೆಟ್ ಹಿಡಿದು ಸ್ವಲ್ಪ ಹೊತ್ತು ನಿಂತಲ್ಲೇ ನಿಂತಳು. ಆಮೇಲೆ ಸದ್ದಿಲ್ಲದೆ ನಲ್ಲಿಯ ಹತ್ತಿರ ಹೋಗಿ ಅದನ್ನು ಇನ್ನೊಂದು ಸಲ ತೊಳೆದಳು.