ಕೆಂಪು ಶಾಲಿನ ಹೆಂಗಸು

“ಕೊಲೆ ಆಗಿದೆ. ಬೇಗ ಬನ್ನಿ.” ಚಿತ್ರಕಾರ ಆಂಬ್ರೋಸ್ ಕೆಲ್ ಹೇಳಿಕಳಿಸಿದ್ದು ಇಷ್ಟೇ.

ನಾನು ಈ ಹಳ್ಳಿಯಲ್ಲಿ ಔಷಧಿ ಅಂಗಡಿ ಇಟ್ಟವನು. ವಿಷವೇನಾದರೂ ಇರಬಹುದೆಂದು ಪೊಲೀಸ್ ಸಾರ್ಜೆಂಟ್ ಡೆಂಚ್ ನನ್ನನ್ನೂ ಎಬ್ಬಿಸಿಕೊಂಡು ಹೊರಟರು. ಹೋಗಿ ನೋಡಿದರೆ ಹೆಣವಿಲ್ಲ, ರಕ್ತವಿಲ್ಲ. ಮುಂದಿನ ಕೋಣೆಯಲ್ಲಿ, ಪೂರ್ವದ ಕಿಟಕಿಗೆ ಎದುರಾದ ಗೋಡೆಯ ಮುಂದೆ ಕೆಲ್ ನಿಂತಿದ್ದರು.

“ಕೊಲೆ ಎಲ್ಲಿ?”

“ಇಲ್ಲಿ.”

ಗೋಡೆಯ ಮೇಲೊಂದು ಜಲವರ್ಣ ಚಿತ್ರ. ಹುಲ್ಲುಮಾಡಿನ ಮನೆ, ಕಂದು ಗೋಡೆ. ಬಾಗಿಲಲ್ಲಿ — ಯಾರು? ಹೆಂಗಸಿನ ಆಕಾರವೇನೋ ಇತ್ತು. ಆದರೆ ಕೆಟಲಿನ ಹಬೆಯಂತೆ. ಮುಖವಿರಲಿಲ್ಲ.

ನಲವತ್ತು ವರ್ಷಗಳಿಂದ ಕೆಲ್ ನಮ್ಮ ಸಸೆಕ್ಸಿನ ಬಡವರ ಮನೆಗಳನ್ನು ಬರೆದು ಲಂಡನ್ನಿನ ಶ್ರೀಮಂತರ ಗೋಡೆಗಳಿಗೆ ಕಳಿಸುತ್ತಿದ್ದರು. ವಸಂತದಲ್ಲಿ ಬಣ್ಣದ ಪೆಟ್ಟಿಗೆ, ಕೊಡೆ ಹೊತ್ತು ಊರೂರು ಅಲೆಯಲು ಹೊರಟರೆ ಎಲೆ ಉದುರುವಾಗ ವಾಪಸು. ಮಾರದೆ ಉಳಿಸಿಕೊಂಡದ್ದು ಇದೊಂದನ್ನೇ — ಬಾಗಿಲಲ್ಲಿ ನಿಂತ ಹೆಂಡತಿ ಲೆಟಿಸ್. ಆಕೆ ತೀರಿಹೋದ ದಿನ ಚಿತ್ರದ ಮುಂದಿನ ಹಸಿರು ಪರದೆ ಎಳೆದವರು ಒಂಬತ್ತು ವರ್ಷ ಅದನ್ನು ಸರಿಸಿರಲಿಲ್ಲ. ಕಳೆದ ವಾರ ಕಣ್ಣಿನ ವೈದ್ಯರು ಹೇಳಿದರಂತೆ: ಬರುವ ವಸಂತಕ್ಕೆ ದೃಷ್ಟಿ ಇರುವುದಿಲ್ಲ. ಅದಕ್ಕೇ ಈ ಬೆಳಗ್ಗೆ ಸರಿಸಿದ್ದರು.

“ಯಾರೋ ಒದ್ದೆ ಬಟ್ಟೇಲಿ ಒರೆಸಿ ಹಾಕಿದಾರೆ. ಮನೇಲಿರೋದು ಇವಳೊಬ್ಬಳೇ. ಇವತ್ತೇ ಜಾಗ ಖಾಲಿ ಮಾಡು ಅಂದಿದೀನಿ.”

ಬಾಗಿಲ ಹತ್ತಿರ ಮನೆಗೆಲಸದ ಮಿಸೆಸ್ ಟಪ್ಪೆನ್ ಕೈಗಳನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು ನಿಂತಿದ್ದಳು. ಗಂಡನಿಲ್ಲ, ಮಕ್ಕಳಿಲ್ಲ. ಈ ಅಪವಾದ ಹೊತ್ತು ಹೊರಬಿದ್ದರೆ ಅವಳಿಗೆ ದಿಕ್ಕಿಲ್ಲದವರ ಆಸರೆಮನೆಯೇ ಗತಿ.

“ಒದ್ದೆ ಬಟ್ಟೆ ಮುಟ್ಟಿಸಿಲ್ಲ ಸಾಹೇಬ್ರೇ. ದೇವರಾಣೆ.”

“ಬೇರೆ ಯಾರು ಬಂದಿದ್ರು?” ಡೆಂಚ್ ಕೇಳಿದರು.

“ಚಿತ್ರದ ವ್ಯಾಪಾರಿ ರಡ್ಜ್. ಸುಗ್ಗೀಲಿ ಬಂದಿದ್ರು. ನೆನ್ನೇನೂ ಬಂದು ಹೋಟ್ಲಲ್ಲಿ ಇಳ್ಕೊಂಡಿದಾರೆ.”

ಕರೆಸಿದರೆ ರಡ್ಜ್ ತಿಂಡಿ ಅಗಿಯುತ್ತಲೇ ಬಂದ. ಈ ಚಿತ್ರವನ್ನು ಎಷ್ಟೋ ಸಲ ಕೇಳಿ ಇಲ್ಲವೆನಿಸಿಕೊಂಡವನು ಅವನು.

“ಸಿಟ್ಟಿಗೆ ಹಾಳು ಮಾಡಿದ್ರಾ?”

“ನಾನಾ? ಬೆಣ್ಣೆ ವ್ಯಾಪಾರಿ ಬೆಣ್ಣೆಗೆ ಮಣ್ಣು ಹಾಕ್ತಾನಾ ಸಾರ್ಜೆಂಟ್? ಕದಿಯೋದಾದ್ರೆ ಪೂರ್ತಿ ಕದೀತಿದ್ದೆ.”

“ಕದ್ದು, ನಕಲು ಇಟ್ಟಿದ್ರೆ?”

“ನಕಲಲ್ಲ,” ಕೆಲ್ ಅಂದರು. “ಮೂಲೇಲಿ ನನ್ನ ಹೆಬ್ಬೆರಳಿನ ಗುರುತಿದೆ.”

ನಾನು ಭೂತಗನ್ನಡಿ ಹಿಡಿದು ನೋಡಿದೆ. ನೀರು ತಾಗಿದ್ದರೆ ಕಾಗದದ ಮೈ ಏಳಬೇಕು. ಕಲೆಯ ಅಂಚು ಉಳಿಯಬೇಕು. ಎರಡೂ ಇರಲಿಲ್ಲ. ಹೊದ್ದ ಶಾಲಿನ ಪೆನ್ಸಿಲ್ ಗೆರೆ ಸಹ ನಿನ್ನೆ ಎಳೆದಂತಿತ್ತು.

“ಒರೆಸಿಲ್ಲ,” ಎಂದೆ.

“ಮತ್ತೆ ಹೇಗೆ ಹೋದಳು? ನಡ್ಕೊಂಡು?” ಕೆಲ್ ಕೂಗಿದರು.

ಡೆಂಚ್ ಚಿತ್ರ ನೋಡುತ್ತಿರಲಿಲ್ಲ. ಪರದೆಯನ್ನು ಮೇಜಿನ ಮೇಲೆ ಹರಡಿ ನೋಡುತ್ತಿದ್ದರು.

“ಕೆಲ್ ಸಾಹೇಬ್ರೇ, ಶಾಲು ಯಾವ ಬಣ್ಣ?”

“ಕೆಂಪು. ಕಾರ್ಮೈನ್. ಅವಳಿಗೆ ಬೇರೆ ಕೆಂಪು ಒಪ್ಪಲೇ ಇಲ್ಲ. ಮುಖಕ್ಕೂ ಅದನ್ನೇ ತೆಳುವಾಗಿ ಬಳಸಿದ್ದೆ. ಅದು ಬಿಸಿಲಿಗೆ ನಿಲ್ಲೋ ಬಣ್ಣ ಅಲ್ಲ ಅಂತ ಗೊತ್ತಿತ್ತು. ಅದಕ್ಕೇ ಪರದೆ.”

ಡೆಂಚ್ ಚೌಕಟ್ಟು ಬಿಚ್ಚಿ, ಚಿತ್ರದ ಸುತ್ತಲಿನ ದಪ್ಪ ಕಾಗದದ ಅಂಚನ್ನು ಎತ್ತಿದರು. ಅದರ ಮರೆಯಲ್ಲಿ ಶಾಲಿನ ತುದಿ — ಗಾಯದಷ್ಟು ಕೆಂಪು. ಕೆಲ್ ಕುರ್ಚಿ ಎಳೆದುಕೊಂಡು ಅದನ್ನೇ ನೋಡುತ್ತ ಕೂತರು.

“ಗೋಡೆ, ಹುಲ್ಲು ಎಲ್ಲ ಮಣ್ಣಿನ ಬಣ್ಣ, ಉಳಿದಿವೆ. ಕೆಂಪು ಮಾತ್ರ ಹೋಗಿದೆ. ತಿಂದವನು ಬೆಳಗಿನ ಸೂರ್ಯ,” ಡೆಂಚ್ ಅಂದರು.

“ಸುಳ್ಳು! ಪರದೆ ಮುಚ್ಚೇ ಇತ್ತು!”

“ನಾವೆಲ್ಲ ಚಿತ್ರ ನೋಡಿದ್ವಿ, ಪರದೆ ನೋಡ್ಲಿಲ್ಲ. ಮುಚ್ಚಿದ ಪರದೆ ಒಂದೇ ಸಮ ಮಾಸಬೇಕು. ಇದರ ಮೇಲೆ ಉದ್ದಕ್ಕೆ ಪಟ್ಟೆ — ಒಂದು ಮಾಸಿದೆ, ಪಕ್ಕದ್ದು ಹೊಸದರ ಹಾಗಿದೆ. ಮಡಿಕೆ ಮಡಿಕೆಯಾಗಿ ಪಕ್ಕಕ್ಕೆ ಸರಿಸಿಟ್ಟ ಪರದೆ ಮಾತ್ರ ಹೀಗೆ ಮಾಸುತ್ತೆ. ಅದೂ ಒಂದೆರಡು ದಿನದಲ್ಲಲ್ಲ, ಎಷ್ಟೋ ಬೇಸಿಗೆಗಳಲ್ಲಿ.” ಡೆಂಚ್ ದನಿ ತಗ್ಗಿಸಿದರು. “ಬೇಸಿಗೇಲಿ ಮನೇಲಿ ಯಾರಿರ್ತಾರೆ, ಮಿಸೆಸ್ ಟಪ್ಪೆನ್?”

ಅವಳು ಏಪ್ರನ್ ಬಿಟ್ಟಳು.

“ನಾನೇ ಸರಿಸ್ತಿದ್ದೆ.”

“ಯಾಕೆ?” ಕೆಲ್.

“ನೀವು ಹೊರಟ್ರೆ ಈ ಮನೇಲಿ ಮಾತಿಲ್ಲ, ಕತೆಯಿಲ್ಲ ಯಜಮಾನ್ರೇ. ಬೆಳಗ್ಗೆ ಎದ್ದು ಅಮ್ಮಾವ್ರ ಹತ್ರ ನಾಕು ಮಾತಾಡ್ತಿದ್ದೆ. ಕೋಳಿ ಮೊಟ್ಟೆ ಇಡೋದು ಬಿಟ್ಟಿದೆ, ಮಳೇಲಿ ನೀವೆಲ್ಲಿ ನೆನೀತಿದೀರೋ — ಇಂಥವೇ. ನೀವು ಬರೋ ಹೊತ್ತಿಗೆ ಎಳೆದಿಡ್ತಿದ್ದೆ.”

“ಬಣ್ಣ ಹೋಗ್ತಿರೋದು ಕಾಣ್ಲಿಲ್ವಾ?”

“ಕಾಣ್ತು. ನನ್ ಹಾಗೇ ಅಮ್ಮಾವ್ರಿಗೂ ವಯಸ್ಸಾಗ್ತಿದೆ ಅಂದ್ಕೊಂಡೆ.”

ರಡ್ಜ್ ನಗಲು ಬಾಯಿ ತೆರೆದವನು ಹಾಗೇ ಮುಚ್ಚಿದ.

ಅವಳು ಒಳಗಿನಿಂದ ಗಂಟು ಕಟ್ಟಿಕೊಂಡು ಬಂದಾಗ ಕೆಲ್ ಇನ್ನೂ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದಿದ್ದರು. ಅವಳು ಹೊಸಿಲು ದಾಟುವಾಗ ತಲೆಯೆತ್ತದೆ ಕೇಳಿದರು:

“ಅವಳ ಒಂದು ಹುಬ್ಬು ಸ್ವಲ್ಪ ಮೇಲಿತ್ತು. ಯಾವ ಕಡೇದು?”

“ಎಡಗಡೇದು, ಯಜಮಾನ್ರೇ.”

“ನನಗೆ ಬಲಗಡೇದು ಅಂತಿತ್ತು.”

“ಎಡಗಡೇದೇ.”

ಕೆಲ್ ಚಿತ್ರವನ್ನು ಮೇಜಿನ ಮೇಲಿಟ್ಟರು. ಆಮೇಲೆ ಬಣ್ಣದ ಪೆಟ್ಟಿಗೆ ಎಳೆದುಕೊಂಡು, ಬೆಳಕಿನ ಕಡೆ ಇನ್ನೊಂದು ಕುರ್ಚಿ ಸರಿಸಿದರು.

“ಗಂಟು ಇಳಿಸು. ಉಳಿದದ್ದನ್ನೂ ಹೇಳು.”