ಮೈತ್ರಿಯ ಮೊದಲ ವಿದ್ಯಾರ್ಥಿ

ಮಾಸ್ಕಿನೊಳಗೆ ನೀರು ನುಗ್ಗಿತು. ಅದರ ಹಿಂದೆ ಅವನ ಕಣ್ಣುಗಳು ಅಗಲವಾದವು. ಮರುಕ್ಷಣವೇ ಅವನು ಮಾಸ್ಕ್ ಕಿತ್ತೆಸೆದ!

ಜೆ.ಪಿ. ನಗರದ ಈಜುಕೊಳದ ತಳದಲ್ಲಿ, ಹತ್ತಡಿ ನೀರಿನೊಳಗೆ, ಮೈತ್ರಿ ಅವನ ತೋಳು ಹಿಡಿದಳು. ಅವನು ಕೊಸರಾಡಿದ. ಅವಳು ಬಿಡಲಿಲ್ಲ. ಅವನ ಬಾಯಲ್ಲಿದ್ದ ಉಸಿರಾಟದ ನಳಿಗೆ ಜಾರದಂತೆ ಒತ್ತಿ ಹಿಡಿದು, ನಿಧಾನವಾಗಿ... ತೀರಾ ನಿಧಾನವಾಗಿ ಮೇಲಕ್ಕೆ ತಂದಳು.

ಮೇಲೆ ಬಂದದ್ದೇ ತಡ, ಅವಳ ಸಿಟ್ಟು ನೆತ್ತಿಗೇರಿತು.

"ರೀ, ತಪ್ಪು ಮಾಡಿ ಅಂದ್ರೆ ಇಷ್ಟೊಂದು ಆ್ಯಕ್ಟಿಂಗಾ? ಇವತ್ತು ನನ್ನ ಪರೀಕ್ಷೆ! ನಾನು ಫೇಲ್ ಆಗ್ಲಿ ಅಂತಾನಾ?"

ಗುರುಸಿದ್ದ ಕೆಮ್ಮುತ್ತಾ ತಲೆ ತಗ್ಗಿಸಿ ಹೊರಟುಹೋದ.

ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಈಜುವುದನ್ನು ಕಲಿಸಲು ತರಬೇತಿ ಪಡೆಯುವವರಿಗೆ ಒಂದು ವಿಚಿತ್ರ ಪರೀಕ್ಷೆ ಇರುತ್ತದೆ. ಒಬ್ಬರು ಹೊಸಬರಂತೆ ನಟಿಸುತ್ತಾರೆ. ಬೇಕೆಂದೇ ಯಾವ ತಪ್ಪು ಮಾಡಬೇಕೆಂದು ತರಬೇತುದಾರರು ಅವರಿಗೆ ಗುಟ್ಟಾಗಿ ಹೇಳಿರುತ್ತಾರೆ. ಕಲಿಸುವವರು ಅದನ್ನು ಕಂಡುಹಿಡಿದು ತಿದ್ದಬೇಕು. ಅಂದು ನಟಿಸಬೇಕಾದವರು ಬರಲಿಲ್ಲ. ಸಿಲಿಂಡರ್‌ಗೆ ಗಾಳಿ ತುಂಬುವ ಗುರುಸಿದ್ದನನ್ನೇ ತರಬೇತುದಾರ ಶಶಿಕಾಂತ್ ಸರ್ ನೀರಿಗಿಳಿಸಿದ್ದರು.

ಜರಗನಹಳ್ಳಿಯ ಮೈತ್ರಿಯ ಮನೆತನದಲ್ಲಿ ಹೆಂಗಸರಾರೂ ನೀರಿಗಿಳಿದವರಲ್ಲ. 'ಟೀಚರ್' ಅನ್ನಿಸಿಕೊಳ್ಳಲು ಅವಳು ಎರಡು ವರ್ಷ ಒದ್ದಾಡಿದ್ದಳು.

"ಪಾಠ ಮುಗೀಲಿಲ್ಲ ಮೈತ್ರಿ. ಭಾನುವಾರ ಇನ್ನೊಂದೇ ಚಾನ್ಸು," ಎಂದರು ಶಶಿಕಾಂತ್.

"ಸಾರ್, ಅವನ ನಾಟಕದಿಂದ..."

"ನಾಟಕ ಅಲ್ಲಮ್ಮ! ಈಗ ತಾನೇ ಬಂದು ಹೇಳ್ದ, ತಪ್ಪು ತನ್ನದು, ಮೇಡಂನ ಫೇಲ್ ಮಾಡ್ಬೇಡಿ ಅಂತ. ಮೂರು ವರ್ಷದಿಂದ ಇಲ್ಲಿದಾನೆ, ನೀರಿಗೆ ಇಳಿದಿದ್ದು ಇವತ್ತೇ ಮೊದಲು. ಕೇಳದೆ ಇಳಿಸಿದ್ದು ನನ್ನ ತಪ್ಪು. ಆದ್ರೆ ಆ ಭಯ ನಿಜವೋ ನಾಟಕವೋ ಅಂತ ಟೀಚರ್‌ಗೆ ಗೊತ್ತಾಗ್ಬೇಕಿತ್ತು."

ಅಯ್ಯೋ, ಎಂಥ ಮಾತಾಡಿಬಿಟ್ಟೆ! ಆ ಕಣ್ಣುಗಳನ್ನು ಅಷ್ಟು ಹತ್ತಿರದಿಂದ ನೋಡಿಯೂ ತಿಳಿಯಲಿಲ್ಲವಲ್ಲ...

ಕೊಳದ ಹಿಂದೆ, ಗಾಳಿ ತುಂಬುವ ಯಂತ್ರದ ಪಕ್ಕ ಅವನು ಕೂತಿದ್ದ.

"ಸಾರಿ ರೀ... ಮೊದಲೇ ಯಾಕೆ ಹೇಳ್ಲಿಲ್ಲ?"

"ಹೆಂಗ ಹೇಳ್ಲಿ ರೀ? ದಿನಾ ಮಂದಿಗೆ ಉಸಿರು ತುಂಬಿ ಕೊಡಾಂವ ನಾ. ನನಗ ನೀರಂದ್ರ ಅಂಜಿಕಿ ಅಂದ್ರ ನಗಂಗಿಲ್ಲೇನು?"

"ನಾನು ನಗಲ್ಲ." ಅವಳು ಎದುರಿಗೇ ಕುಕ್ಕರುಗಾಲಲ್ಲಿ ಕೂತಳು. "ಭಾನುವಾರ ನನ್ನ ಸ್ಟೂಡೆಂಟ್ ಆಗ್ತೀರಾ? ನಿಜವಾದ ಸ್ಟೂಡೆಂಟ್?"

"ಮತ್ತ ಅಂಜಿದ್ರ? ನೀವು ಫೇಲ್ ಆಗ್ತೀರಲ್ರಿ!"

"ಆಗ್ಲಿ! ಹೆದರೋರಿಗೆ ಕಲಿಸೋಕೆ ಬರ್ದಿದ್ರೆ ನಾನ್ಯಾವ ಸೀಮೆ ಟೀಚರ್ರು?"

ನಾಲ್ಕು ಸಂಜೆ ಸೊಂಟದ ಮಟ್ಟದ ನೀರಲ್ಲೇ ಪಾಠ ನಡೆಯಿತು. ಮಾಸ್ಕಿನೊಳಗೆ ಒಂದು ಚಮಚದಷ್ಟು ನೀರು. ಆಮೇಲೆ ಎರಡು. "ಮೇಲಿನ ಅಂಚು ಹಣೆಗೆ ಒತ್ತಿ, ಮೇಲೆ ನೋಡ್ತಾ ಮೂಗಿಂದ ಊದಿ, ನೀರು ತಾನೇ ಹೊರಗೆ ಹೋಗುತ್ತೆ..." ನಾಲ್ಕನೆಯ ಸಂಜೆ ಅವನು ಗಟ್ಟಿಯಾಗಿ ನಕ್ಕ. ಮೈತ್ರಿಗೆ ಮುಂದಿನ ಪಾಠವೇ ಮರೆತುಹೋಯಿತು!

ಭಾನುವಾರ ಅವಳ ಅಮ್ಮ ಲತಾಮಣಿ ಕೊಳದ ಮೆಟ್ಟಿಲ ಮೇಲೆ ಕೂತಿದ್ದರು. ಶಶಿಕಾಂತ್ ಕೂಡ ಜೊತೆಗೆ ನೀರಿಗಿಳಿದರು.

ಅದೇ ಹತ್ತಡಿ ಆಳ. ಪಾಠದಂತೆ ಗುರುಸಿದ್ದ ಮಾಸ್ಕಿನೊಳಗೆ ಅರ್ಧದಷ್ಟು ನೀರು ಬಿಟ್ಟುಕೊಂಡ. ಕಣ್ಣುಗಳು ಮತ್ತೆ ಅಗಲವಾದವು...

ಈ ಸಲ ಅವಳಿಗೆ ಗೊತ್ತಾಯಿತು. ಭಯ ನಿಜ, ಆದರೆ ಅದರ ಜೊತೆಗೆ ಹಟವೂ ಇದೆ. ಅವಳ ಕೈ ಅವನ ತೋಳಿನ ಪಕ್ಕದಲ್ಲೇ ಇತ್ತು. ಆದರೂ ಮುಟ್ಟಲಿಲ್ಲ. ಅವನೇ ಗೆಲ್ಲಲಿ!

ಅವನು ತಲೆಯೆತ್ತಿ, ಮಾಸ್ಕಿನ ಅಂಚು ಒತ್ತಿ, ಊದಿದ. ನೀರೆಲ್ಲ ಹೊರಗೆ! ಒಳಗೆ ಎರಡು ಕಣ್ಣು ಅವಳನ್ನೇ ನೋಡಿ ನಗುತ್ತಿದ್ದವು.

"ಪಾಸ್, ಮೈತ್ರಿ ಟೀಚರ್!" ಮೇಲೆ ಬಂದೊಡನೆ ಶಶಿಕಾಂತ್ ಕೂಗಿದರು.

ಲತಾಮಣಿ ಎದ್ದು ನಿಂತು, ಪಕ್ಕದಲ್ಲಿದ್ದ ಗುರುತಿಲ್ಲದವರಿಗೆಲ್ಲ ಹೇಳತೊಡಗಿದರು: "ನನ್ನ ಮಗಳು ಕಣ್ರೀ! ಆ ಟೀಚರ್ರು ನನ್ನ ಮಗಳು!"

ಮೈತ್ರಿಯ ಎದೆ ಹೆಮ್ಮೆಯಿಂದ ಉಬ್ಬಿತು. ಕೊಳದ ಅಂಚಿನಲ್ಲಿ ಕೂತು, ತನ್ನ ಹೊಸ ಹಾಜರಿ ಪುಸ್ತಕದ ಮೊದಲ ಸಾಲಿನಲ್ಲಿ ವಿದ್ಯಾರ್ಥಿಯ ಹೆಸರು ಬರೆದಳು: ಗುರುಸಿದ್ದ.

"ಮೊದಲನೇ ಹೆಸರು ನಂದೇನ್ರಿ?"

"ಹೂಂ. ಇನ್ನೆಷ್ಟು ಜನ ಬಂದ್ರೂ ಮೊದಲ್ನೇದು ನಿಮ್ದೇ."

ಅವನ ದನಿ ಮೆತ್ತಗಾಯಿತು. "ಮೈತ್ರಿ... ಅವತ್ತು ನೀವು ನನ್ನ ತೋಳು ಬಿಡಲಿಲ್ಲ. ಇವತ್ತು ಹಿಡೀಲಿಲ್ಲ. ಎರಡೂ ಸಲ ನನಗ ಒಂದೇ ಅನಿಸ್ತು... ಜೀವನಪೂರ್ತಿ ಇವರೇ ಬೇಕು ಅಂತ."

ಅವಳ ಮುಖ ಕೆಂಪಾಯಿತು. ಪುಸ್ತಕ ಮುಚ್ಚಿ, ಒದ್ದೆ ಕೈ ಚಾಚಿದಳು.

"ಪರೀಕ್ಷೆ ಮುಗೀತಲ್ಲ... ಈಗ ಹಿಡ್ಕೋಬೋದು."